ಕಾಳಗಿಗೆ ಮತಪೆಟ್ಟಿಗೆ ಬಂದದ್ದು ಹೇಗೆ?

ಬಲಾಢ್ಯ ದೇಶವೊಂದು ಸೈನ್ಯ ನುಗ್ಗಿಸಿ ಇನ್ನೊಂದು ನಾಡಿಗೆ ಪ್ರಜಾಪ್ರಭುತ್ವ ತರಬಹುದೇ? ಎಲ್ಲರಿಗೂ ಅಮೆರಿಕದ ಸೈನ್ಯ ನುಗ್ಗಿದ 2003ರ ಇರಾಕ್ ನೆನಪಾಗುತ್ತದೆ. ಕಲಬುರಗಿ ಜಿಲ್ಲೆಯ ನಮ್ಮ ಕಾಳಗಿ, ಸೇಡಂ, ಚಿಂಚೋಳಿಯನ್ನೂ ಈ ಪ್ರಶ್ನೆ ಕೇಳಬೇಕು.

ದೇಶ ಸ್ವತಂತ್ರವಾದಾಗ ಇಲ್ಲಿ ಹೈದರಾಬಾದ್ ನಿಜಾಮರ ಆಳ್ವಿಕೆ, ಜೊತೆಗೆ ಅವರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮರು ಮಣಿದರು.

ಮರುದಿನವೇ ಜನರ ಸರ್ಕಾರ ಬರಲಿಲ್ಲ. ಬಂದದ್ದು ಮಿಲಿಟರಿ ಗವರ್ನರ್, ಜನರಲ್ ಚೌಧರಿ. ಆ ದಿನಗಳಲ್ಲಿ ಸಾವಿರಾರು ಮುಸ್ಲಿಮರ ಕೊಲೆಯಾಯಿತು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು ಅಂತ, ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ ಸರ್ಕಾರಕ್ಕೆ ಬರೆದುಕೊಟ್ಟಿತು. ನಿಜಾಮರು ಮಣಿದ ನೆನಪಿಗೆ ಪ್ರತಿವರ್ಷ ನಡೆಯುವ ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣದಲ್ಲಿ ಇದನ್ನೂ ಹೇಳಬೇಕು.

ಮೊದಲ ಸಾರ್ವತ್ರಿಕ ಚುನಾವಣೆಯ ಮತದಾನ ಇಲ್ಲಿ ನಡೆದದ್ದು 1952ರಲ್ಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಓದು ಬರಹ ಬಾರದವರೂ ಚಿಹ್ನೆ ನೋಡಿ, ಸರಿಯಾದ ಪೆಟ್ಟಿಗೆಗೇ ಮತಪತ್ರ ಹಾಕಬಹುದಿತ್ತು.

ಹಾಗಾದರೆ ಈ ಮತಪೆಟ್ಟಿಗೆ ಸೈನ್ಯದ ಕೊಡುಗೆಯೇ? ಸೈನ್ಯ ನಿಜಾಮರ ಸರ್ಕಾರವನ್ನು ಇಳಿಸಿತು. ಆದರೆ ಜವಾಬ್ದಾರಿ ಸರ್ಕಾರ ಬೇಕು ಅಂತ ಇಲ್ಲಿನ ಜನ 1938ರಲ್ಲೇ ಸತ್ಯಾಗ್ರಹಕ್ಕೆ ಇಳಿದಿದ್ದರು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಅದಕ್ಕಾಗಿ ಮತ್ತೆ ಮತ್ತೆ ಜೈಲು ಕಂಡರು. ಆ ಚಳವಳಿ ಇಲ್ಲದಿದ್ದರೆ ಸೈನ್ಯದಿಂದ ಸಿಗುತ್ತಿದ್ದದ್ದು ಬರೀ ಹೊಸ ಗವರ್ನರ್ ಎಂದೇ ನಾನು ನಂಬುತ್ತೇನೆ.