ಯಂತ್ರದ ಉಸಿರು

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಎಷ್ಟೇ ರಾಶಿ ಬಿದ್ದಿರಲಿ, ತಿದಿ ಒತ್ತುವವರೆಗೆ ಕಬ್ಬಿಣ ಕೆಂಪಾಗುವುದಿಲ್ಲ. ಬೆಂಕಿಗೆ ಉರುವಲು ಅರ್ಧ ಆಹಾರವಾದರೆ ಗಾಳಿ ಉಳಿದರ್ಧ. ಮೋಟಾರು ಕಾರಿನ ಎಂಜಿನ್ನೂ ಒಂದು ಬಗೆಯ ಕುಲುಮೆಯೇ. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 9000 ಲೀಟರು ಗಾಳಿ ಬೇಕು. ಮೂರು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಎರಡು ಮೀಟರು ಎತ್ತರದ ಕೋಣೆಯೊಂದನ್ನು ತುಂಬುವಷ್ಟು ಗಾಳಿ ಅದು. ಪೆಟ್ರೋಲನ್ನು ಹೆಚ್ಚಾಗಿ ಒದಗಿಸುವುದು ಕಷ್ಟವಲ್ಲ. ಒಂದು ಸಣ್ಣ ಪಂಪು ಆ ಕೆಲಸವನ್ನು ಮಾಡೀತು. ಅದನ್ನು ಉರಿಸಲು ತಕ್ಕಷ್ಟು ಗಾಳಿಯನ್ನು ಒಳಗೆ ಸೇರಿಸುವುದೇ ಕಷ್ಟ. ಆದಕಾರಣ ಪಂದ್ಯದ ಕಾರನ್ನು ಕಟ್ಟುವವರು ಅದರ ಉಸಿರಿನ ದಾರಿಯ ಕಡೆಗೆ ವಿಶೇಷವಾದ ಗಮನ ಕೊಡುತ್ತಾರೆ.

ಗಾಳಿಯನ್ನು ಬಲವಂತವಾಗಿ ತುಂಬುವ ಸಂಪೀಡಕಗಳೂ ಉಂಟು. ಅವುಗಳ ಕಥೆಯೇ ಬೇರೆ. ಅಂಥ ಸಾಧನವಿಲ್ಲದ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನೊಳಗೆ ಒತ್ತಡ ಕುಗ್ಗುತ್ತದೆ. ಹೊರಗಿನ ವಾಯುಮಂಡಲದ ಒತ್ತಡವು ಗಾಳಿಯನ್ನು ಒಳಗೆ ತಳ್ಳುತ್ತದೆ. ಇದಕ್ಕೆ ದೊರೆಯುವ ಕಾಲವಾದರೂ ಎಷ್ಟು? ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನಿಂದ ಕೆಳಗೆ ಬರಲು ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ ಸಾಕು. ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವಷ್ಟರಲ್ಲಿ ಇಂಥ ಹಲವು ಉಸಿರುಗಳು ಮುಗಿದುಹೋಗಿರುತ್ತವೆ.

ಇಂಥ ಕಾರಿಗೆ ಗಾಳಿಗೊಳವೆಯನ್ನು ರೂಪಿಸುವವನು ಮೊದಲು ಗಾಳಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂದು ವಿಚಾರ ಮಾಡುತ್ತಾನೆ. ಎಂಜಿನ್ನಿನ ಪಕ್ಕದಲ್ಲಿ ಕಾದ ಗಾಳಿ ವಿರಳವಾಗಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿ 60 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಅಷ್ಟೇ ಜಾಗದಲ್ಲಿ ಅಷ್ಟು ಕಡಿಮೆ ಆಮ್ಲಜನಕ ಒಳಗೆ ಹೋಗುತ್ತದೆ. ಕೊಳವೆಯ ಬಾಯನ್ನು ಬಿಸಿಯಿಂದ ದೂರವಾಗಿ, ಹೊರಗಿನ ತಂಪುಗಾಳಿ ಸಿಗುವ ಕಡೆ ಇಡುವುದು ಇದಕ್ಕಾಗಿಯೇ. ದೂಳನ್ನು ತಡೆಯುವ ಜಾಲರಿ ಗಾಳಿಯನ್ನೂ ಸ್ವಲ್ಪ ತಡೆಯುತ್ತದೆ. ಆದರೂ ಅದನ್ನು ಕಿತ್ತೊಗೆಯುವುದು ಜಾಣತನವಲ್ಲ. ಒಳಹೊಕ್ಕ ದೂಳು ಸಿಲಿಂಡರಿನ ಗೋಡೆಯನ್ನು ಉಜ್ಜು ಕಾಗದದಂತೆ ಸವೆಸುತ್ತದೆ.

ಕೊಳವೆಯ ಬಾಯಿಯ ಆಕಾರವೂ ಮುಖ್ಯವೇ. ಅಂಚು ಚೂಪಾಗಿ ಕತ್ತರಿಸಿದ್ದರೆ ಸುತ್ತಲಿಂದ ನುಗ್ಗುವ ಗಾಳಿ ಆ ಅಂಚಿನಲ್ಲಿ ಥಟ್ಟನೆ ತಿರುಗಲಾರದೆ ಗೋಡೆಯನ್ನು ಬಿಟ್ಟು ನಡುವಿಗೆ ಸರಿಯುತ್ತದೆ. ಬಾಯಿ ಅಗಲವಾಗಿದ್ದರೂ ಗಾಳಿಯ ಪಾಲಿಗೆ ದಾರಿ ಕಿರಿದಾಗುತ್ತದೆ. ಅಂಚನ್ನು ನಾಗಸ್ವರದ ತುದಿಯಂತೆ ಹೊರಕ್ಕೆ ಬಾಗಿಸಿ ಅರಳಿಸಿದರೆ ಗಾಳಿ ನುಣ್ಣಗೆ ಜಾರಿ ಒಳಬರುತ್ತದೆ. ಇನ್ನು ಕೊಳವೆಯ ಅಗಲ: ಕಿರಿದಾದರೆ ಉಸಿರು ಕಟ್ಟುತ್ತದೆ, ಅತಿಯಾಗಿ ಅಗಲವಾದರೆ ಗಾಳಿಯ ವೇಗ ಕುಂದುತ್ತದೆ. ವೇಗವಾಗಿ ಬರುವ ಗಾಳಿಗೆ ತನ್ನದೇ ಆದ ರಭಸವಿದ್ದು, ಪಿಸ್ಟನ್ ಮೇಲಕ್ಕೆ ಹೊರಳಿದ ಮೇಲೂ ಅದು ಒಂದಿಷ್ಟು ಹೊತ್ತು ಒಳನುಗ್ಗುತ್ತಲೇ ಇರುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಕೊಳವೆಯ ಉದ್ದ. ಉದ್ದ ಹೆಚ್ಚಿದಷ್ಟೂ ತಡೆ ಹೆಚ್ಚುವುದರಿಂದ ಕೊಳವೆ ಆದಷ್ಟು ಗಿಡ್ಡವಾಗಿರಬೇಕೆಂದು ತೋರುವುದು ಸಹಜ. ಆದರೆ ಕೊಳಲು ಬಲ್ಲವರಿಗೆ ಗೊತ್ತಿರುವಂತೆ, ಕೊಳವೆಯೊಳಗಿನ ಗಾಳಿ ಸುಮ್ಮನೆ ಹರಿಯುವ ವಸ್ತುವಲ್ಲ. ಅದು ಮಿಡಿಯುವ ವಸ್ತು. ಕವಾಟ ತೆರೆದು ಪಿಸ್ಟನ್ ಇಳಿದೊಡನೆ ಒಂದು ವಿರಳನದ ಅಲೆ ಕವಾಟದ ಬಳಿ ಹುಟ್ಟಿ ಕೊಳವೆಯಲ್ಲಿ ಶಬ್ದದ ವೇಗದಿಂದ ಹೊರಮುಖವಾಗಿ ಓಡುತ್ತದೆ. ಅದು ತೆರೆದ ಬಾಯನ್ನು ಮುಟ್ಟಿದಾಗ, ಆ ಕೊರತೆಯನ್ನು ತುಂಬಲು ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಈ ನುಗ್ಗುವಿಕೆಯೇ ಸಂಪೀಡನದ ಅಲೆಯಾಗಿ ಕವಾಟದ ಕಡೆಗೆ ಮರಳುತ್ತದೆ. ಕವಾಟ ಮುಚ್ಚುವ ಮುನ್ನ, ತಕ್ಕ ಗಳಿಗೆಯಲ್ಲಿ ಅದು ಬಂದು ತಲುಪಿದರೆ, ಇನ್ನೊಂದು ಹಿಡಿ ಗಾಳಿಯನ್ನು ಸಿಲಿಂಡರಿನೊಳಗೆ ಒತ್ತಿ ತುಂಬುತ್ತದೆ. ಯಾವ ಪಂಪೂ ಇಲ್ಲದೆ ದೊರೆತ ಲಾಭವಿದು.

ಒಂದು ಸ್ಥೂಲವಾದ ಲೆಕ್ಕವನ್ನು ನೋಡಬಹುದು. ಎಂಜಿನ್ನಿನ ದಂಡ ಕಾಲು ಸುತ್ತು ತಿರುಗುವಷ್ಟರಲ್ಲಿ ಅಲೆ ಹೋಗಿ ಬರಬೇಕೆಂದು ಭಾವಿಸೋಣ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100. ಕಾಲು ಸುತ್ತಿಗೆ ಸೆಕೆಂಡಿನ ನಾನೂರನೆಯ ಒಂದು ಭಾಗ. ಶಬ್ದದ ವೇಗ ಸೆಕೆಂಡಿಗೆ 340 ಮೀಟರಾದುದರಿಂದ ಆ ಅವಧಿಯಲ್ಲಿ ಅಲೆ 85 ಸೆಂಟಿಮೀಟರು ಸಾಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಕೊಳವೆಯ ಉದ್ದ ಇದರ ಅರ್ಧ, ಸುಮಾರು 42 ಸೆಂಟಿಮೀಟರು. ಎಂಜಿನ್ 3000 ಸುತ್ತಿಗೆ ಇಳಿದರೆ ಕಾಲ ಇಮ್ಮಡಿಯಾಗುತ್ತದೆ. ಕೊಳವೆಯೂ 85 ಸೆಂಟಿಮೀಟರಿನಷ್ಟು ಬೇಕಾಗುತ್ತದೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಒಂದು ವೇಗಕ್ಕೆ ಶ್ರುತಿಗೊಳಿಸಿದ ಕೊಳವೆ ಮತ್ತೊಂದು ವೇಗದಲ್ಲಿ ಅಪಶ್ರುತಿಯಾಗುತ್ತದೆ. ಹೊತ್ತು ತಪ್ಪಿ ಬಂದ ಅಲೆ ನೆರವಾಗುವ ಬದಲು ಅಡ್ಡಿಯಾಗಲೂಬಹುದು.

ಅಮೆರಿಕದ ಕ್ರೈಸ್ಲರ್ ಸಂಸ್ಥೆ 1960ರಲ್ಲಿ ತಯಾರಿಸಿದ 300ಎಫ್ ಎಂಬ ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಅದರ 6.8 ಲೀಟರು ಎಂಜಿನ್ನಿಗೆ 30 ಅಂಗುಲ, ಅಂದರೆ ಸುಮಾರು 76 ಸೆಂಟಿಮೀಟರು ಉದ್ದದ ಕೊಳವೆಗಳನ್ನು ಜೋಡಿಸಲಾಗಿತ್ತು. ಇಷ್ಟುದ್ದದ ಕೊಳವೆಗಳಿಗೆ ಸ್ಥಳವೆಲ್ಲಿ? ಬಲಬದಿಯ ಸಿಲಿಂಡರುಗಳ ಕೊಳವೆಗಳು ಎಂಜಿನ್ನನ್ನು ದಾಟಿ ಎಡಕ್ಕೂ, ಎಡಬದಿಯವು ಬಲಕ್ಕೂ ಚಾಚಿಕೊಂಡಿದ್ದುವು. ಸಾಮಾನ್ಯ ಓಟದ ನಡುವೇಗದಲ್ಲಿ ಅವು ಚೆನ್ನಾಗಿ ದುಡಿಯುತ್ತಿದ್ದುವು. ಎಂಜಿನ್ನಿನ ತಿರುಗುಬಲ 2800 ಸುತ್ತುಗಳಲ್ಲಿ ಗರಿಷ್ಠವಾಗುತ್ತಿತ್ತು. ಅತಿವೇಗದ ಸ್ಪರ್ಧೆಗೆಂದು ಮಾಡಿದ ಕೆಲವು ಕಾರುಗಳಲ್ಲಿ ಹೊರಗಿನ ನೋಟವನ್ನು ಹಾಗೆಯೇ ಉಳಿಸಿ, ಕೊಳವೆಗಳ ನಡುವಣ ಒಳಗೋಡೆಯನ್ನು ಮಾತ್ರ ತೆಗೆದು, ಅಲೆಯ ದಾರಿಯನ್ನು 15 ಅಂಗುಲಕ್ಕೆ ಇಳಿಸಿದರು. ಶಕ್ತಿ 375ರಿಂದ 400 ಅಶ್ವಶಕ್ತಿಗೆ ಏರಿತು. ಆದರೆ ನಡುವೇಗದ ತಿರುಗುಬಲ ಕುಗ್ಗಿತು. ಒಂದನ್ನು ಕೊಂಡು ಇನ್ನೊಂದನ್ನು ಮಾರಿದಂತಾಯಿತು.

ಎರಡನ್ನೂ ಒಟ್ಟಿಗೆ ಪಡೆಯುವ ಬಗೆಯನ್ನು ಜಪಾನಿನ ಹಿರೋಷಿಮದ ಮಜ್ದಾ ಸಂಸ್ಥೆಯವರು ಸಾಧಿಸಿ ತೋರಿಸಿದರು. ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ನಿಗೆ ಬದಲಾಗಿ ತ್ರಿಕೋನಾಕಾರದ ತಿರುಗುಭಾಗಗಳುಳ್ಳ ರೋಟರಿ ಎಂಜಿನ್ ಅವರ ವೈಶಿಷ್ಟ್ಯ. ಆ ಎಂಜಿನ್ನಿನ ಬಲ ಹೆಸರಾಗಿದ್ದಂತೆ ಅದರ ಹಸಿವೂ ಹೆಸರಾಗಿತ್ತು. ಫ್ರಾನ್ಸಿನ ಲೆ ಮಾನ್ ಊರಿನ 24 ಗಂಟೆಗಳ ಪಂದ್ಯದಲ್ಲಾದರೋ ಒಂದು ಕಾರಿಗೆ ಒಟ್ಟು 2550 ಲೀಟರು ಇಂಧನವಷ್ಟೇ ಎಂಬ ಕಟ್ಟುನಿಟ್ಟಿತ್ತು. ವೇಗವೂ ಬೇಕು, ಮಿತವ್ಯಯವೂ ಬೇಕು. ಉಗ್ರಾಣ ಬರಿದಾದರೆ ಕಾರು ನಿಂತಲ್ಲೇ ನಿಂತೀತು. ಮಜ್ದಾದ ಎಂಜಿನಿಯರುಗಳು ಗಾಳಿಗೊಳವೆಗಳನ್ನು ದೂರದರ್ಶಕದ ಕೊಳವೆಯಂತೆ ಒಂದರೊಳಗೊಂದು ಜಾರುವ ಹಾಗೆ ರಚಿಸಿದರು. ಎಂಜಿನ್ ನಿಧಾನಿಸಿದಾಗ ಕೊಳವೆ ನೀಳವಾಗುತ್ತಿತ್ತು, ವೇಗ ಹೆಚ್ಚಿದಂತೆ ಗಿಡ್ಡವಾಗುತ್ತಿತ್ತು. ಹೀಗೆ ಪ್ರತಿ ವೇಗಕ್ಕೂ ತಕ್ಕ ಶ್ರುತಿ ದೊರೆಯಿತು. 2.6 ಲೀಟರಿನ ಆ ಎಂಜಿನ್ ನಿಮಿಷಕ್ಕೆ 9000 ಸುತ್ತುಗಳಲ್ಲಿ ಸುಮಾರು 700 ಅಶ್ವಶಕ್ತಿಯನ್ನು ನೀಡುತ್ತಿತ್ತು.

1990ರಲ್ಲಿ ಈ ಎಂಜಿನ್ ಹೊತ್ತು ಬಂದ ಎರಡು ಕಾರುಗಳೂ ಗುರಿ ಮುಟ್ಟಲಿಲ್ಲ. ಮರುವರ್ಷದ ಜೂನ್ ತಿಂಗಳಲ್ಲಿ ಸುಧಾರಿಸಿದ 787ಬಿ ಕಾರು ಕಿತ್ತಳೆ ಮತ್ತು ಹಸುರು ಬಣ್ಣ ತೊಟ್ಟು ಮತ್ತೆ ಕಣಕ್ಕಿಳಿಯಿತು. ರಾತ್ರಿಯೆಲ್ಲ ಓಡಿ, ಮರುದಿನ ಪಂದ್ಯ ಮುಗಿಯಲು ಕೆಲವೇ ಗಂಟೆಗಳಿರುವಾಗ, ಮುಂದಿದ್ದ ಮರ್ಸಿಡಿಸ್ ಕಾರು ಅತಿಯಾಗಿ ಕಾದು ಹಿಂದೆ ಬಿತ್ತು. ಮಜ್ದಾ 362 ಸುತ್ತುಗಳನ್ನು, ಸುಮಾರು 4900 ಕಿಲೋಮೀಟರು ದಾರಿಯನ್ನು, ಕ್ರಮಿಸಿ ಮೊದಲನೆಯದಾಯಿತು. ಲೆ ಮಾನ್‌ನಲ್ಲಿ ಜಪಾನಿನ ಕಾರೊಂದು ಗೆದ್ದುದು ಅದೇ ಮೊದಲು. ಗೆಲುವೆಲ್ಲ ಕೊಳವೆಯದೇ ಎನ್ನುವಂತಿಲ್ಲ. ಆ ಕಾರಿನ ತೂಕ 830 ಕಿಲೋಗ್ರಾಮು, ಮುಖ್ಯ ಎದುರಾಳಿಗಳಿಗೆ ನಿಯಮವೇ 1000 ಕಿಲೋಗ್ರಾಮನ್ನು ವಿಧಿಸಿತ್ತು. ಆದರೆ ಅಳೆದು ಕೊಟ್ಟ ಇಂಧನದಲ್ಲಿ ಅಷ್ಟು ದೂರವನ್ನು ಅಷ್ಟು ವೇಗವಾಗಿ ಓಡಲು ಆ ಜಾರುಗೊಳವೆಗಳ ನೆರವು ಸಣ್ಣದಾಗಿರಲಿಲ್ಲ. ಕೊನೆಯ ಸರದಿಯಲ್ಲಿ ಕಾರು ನಡೆಸಿದ ಇಂಗ್ಲೆಂಡಿನ ಜಾನಿ ಹರ್ಬರ್ಟ್ ದೇಹದ ನೀರೆಲ್ಲ ಆರಿ ಕುಸಿದನು. ವಿಜಯವೇದಿಕೆಯನ್ನು ಅವನ ಇಬ್ಬರು ಸಂಗಡಿಗರು ಏರಬೇಕಾಯಿತು. ಮುಂದಿನ ವರ್ಷ ಹೊಸ ನಿಯಮಗಳು ಬಂದು ರೋಟರಿ ಎಂಜಿನ್ನು ಆ ಕಣದಿಂದ ಹೊರಗುಳಿಯಿತು. ವೇಗಕ್ಕೆ ತಕ್ಕಂತೆ ಉದ್ದ ಬದಲಿಸುವ ಗಾಳಿಗೊಳವೆಗಳಾದರೋ ಪೇಟೆಯ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳಲ್ಲಿ ಇಂದಿಗೂ ಉಂಟು.