ಅಪರಾಧ ಮತ್ತು ವಿಪಥಗಾಮಿ ವರ್ತನೆ: ಪ್ರಕಾರ್ಯವಾದಿ ವಿವರಣೆಗಳ ವಿವೇಚನೆ

‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂಬ ಗಾದೆಯಲ್ಲಿ ಎರಡು ಸಂಗತಿಗಳು ಅಡಕವಾಗಿವೆ. ಊರಿಗೆ ಒಪ್ಪಿತವಾದ ದಾರಿಯೊಂದಿದೆ ಎಂಬುದು ಮೊದಲನೆಯದು. ಅದನ್ನು ಬಿಟ್ಟು ನಡೆದವನೊಬ್ಬನು ಕಾಣಿಸಿಕೊಂಡಾಗಲೇ ಆ ದಾರಿಯ ಅರಿವು ಊರಿಗೆ ಸ್ಪಷ್ಟವಾಗುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಸಂಗತಿಯನ್ನೇ ಸಮಾಜಶಾಸ್ತ್ರದ ಪ್ರಕಾರ್ಯವಾದಿ ಪಂಥವು ಒಂದು ಸಿದ್ಧಾಂತವಾಗಿ ಬೆಳೆಸಿತು. ಅಪರಾಧಿಯ ಮನಸ್ಸಿನಲ್ಲಾಗಲಿ ರಕ್ತದಲ್ಲಾಗಲಿ ಕಾರಣವನ್ನು ಹುಡುಕುವುದನ್ನು ಬಿಟ್ಟು, ಅಪರಾಧವು ಸಮಾಜದ ಒಟ್ಟು ವ್ಯವಸ್ಥೆಯಲ್ಲಿ ಯಾವ ಕಾರ್ಯವನ್ನು ನಿರ್ವಹಿಸುತ್ತದೆ ಎಂದು ಕೇಳಿದ್ದು ಈ ಪಂಥದ ವೈಶಿಷ್ಟ್ಯ.

ಈ ಚಿಂತನೆಯ ಮೂಲಪುರುಷ ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್. 1893ರ ಶ್ರಮವಿಭಜನೆ ಕುರಿತ ಕೃತಿಯಲ್ಲಿಯೂ 1895ರ ಸಮಾಜಶಾಸ್ತ್ರೀಯ ವಿಧಾನ ಕುರಿತ ಕೃತಿಯಲ್ಲಿಯೂ ಆತನು ಅಪರಾಧವನ್ನು ಆರೋಗ್ಯವಂತ ಸಮಾಜದ ಸಹಜ ಅಂಗವೆಂದು ಪರಿಗಣಿಸಿದನು. ಒಂದು ಕೃತ್ಯವು ಅಪರಾಧವಾದುದರಿಂದ ಜನ ಅದನ್ನು ಖಂಡಿಸುವುದಿಲ್ಲ. ಜನ ಖಂಡಿಸುವುದರಿಂದಲೇ ಅದು ಅಪರಾಧವಾಗುತ್ತದೆ ಎಂಬುದು ಆತನ ವಾದ. ಸಂತರೇ ತುಂಬಿದ ಮಠವೊಂದನ್ನು ಕಲ್ಪಿಸಿಕೊಂಡರೂ ಅಲ್ಲಿ ತಪ್ಪುಗಳು ಇಲ್ಲವಾಗುವುದಿಲ್ಲ. ಹೊರಗಿನವರಿಗೆ ಕ್ಷುಲ್ಲಕವೆನಿಸುವ ಲೋಪವೇ ಅಲ್ಲಿ ಮಹಾಪರಾಧವಾಗುತ್ತದೆ. ಶಿಕ್ಷೆಯ ಮುಖ್ಯ ಪರಿಣಾಮವಾಗುವುದು ಅಪರಾಧಿಯ ಮೇಲಲ್ಲ, ನಿಯಮ ಪಾಲಿಸುವವರ ಮೇಲೆ. ಅವರ ಸಾಮೂಹಿಕ ಪ್ರಜ್ಞೆ ಅದರಿಂದ ಮತ್ತೆ ಗಟ್ಟಿಗೊಳ್ಳುತ್ತದೆ. ಸಾಕ್ರಟೀಸನ ನಿದರ್ಶನದ ಮೂಲಕ ಡರ್ಕ್‌ಹೈಮ್ ಇನ್ನೊಂದು ಮಾತನ್ನೂ ಸೇರಿಸಿದನು: ಇಂದಿನ ಅಪರಾಧವು ಕೆಲವೊಮ್ಮೆ ನಾಳಿನ ನೀತಿಯ ಮುನ್ಸೂಚನೆಯಾಗಿರುತ್ತದೆ.

ಕ್ಷೇತ್ರಕಾರ್ಯದಿಂದ ಈ ಪ್ರಶ್ನೆಗೆ ಹೊಸ ಆಯಾಮ ನೀಡಿದವನು ಬ್ರೊನಿಸ್ಲಾವ್ ಮಲಿನೋವ್‌ಸ್ಕಿ. ಪಶ್ಚಿಮ ಪೆಸಿಫಿಕ್ಕಿನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ 1915ರಿಂದ 1918ರ ಅವಧಿಯಲ್ಲಿ ಆತನು ನಡೆಸಿದ ಅಧ್ಯಯನದ ಫಲವಾಗಿ 1926ರಲ್ಲಿ ಅಪರಾಧ ಮತ್ತು ರೂಢಿಯನ್ನು ಕುರಿತ ಕಿರುಗ್ರಂಥ ಹೊರಬಂದಿತು. ಅದರಲ್ಲಿ ದಾಖಲಾದ ಘಟನೆಯೊಂದು ಜಾನಪದ ವಿದ್ವಾಂಸರಿಗೆ ಇಂದಿಗೂ ಪಾಠಪ್ರಾಯವಾಗಿದೆ. ಕಿಮಾಯಿ ಎಂಬ ತರುಣನು ತನ್ನ ತಾಯಿಯ ತಂಗಿಯ ಮಗಳೊಡನೆ ಸಂಬಂಧ ಬೆಳೆಸಿದ್ದನು. ಸ್ವಕುಲದೊಳಗಿನ ಇಂತಹ ಸಂಬಂಧ ಅಲ್ಲಿ ಘೋರ ನಿಷಿದ್ಧ. ಆದರೂ ಸಂಗತಿ ಊರಿಗೆ ಗೊತ್ತಿತ್ತು. ಜನ ಒಳಗೊಳಗೇ ಅಸಮ್ಮತಿ ತೋರುತ್ತ ಸುಮ್ಮನಿದ್ದರು. ಆ ಹುಡುಗಿಯನ್ನು ಮದುವೆಯಾಗಲು ಬಯಸಿದ್ದ ಇನ್ನೊಬ್ಬನು ಊರೆಲ್ಲ ಕೇಳುವಂತೆ ಕಿಮಾಯಿಯನ್ನು ನಿಂದಿಸಿದಾಗ ಸ್ಥಿತಿ ಬದಲಾಯಿತು. ಮರುದಿನ ಬೆಳಿಗ್ಗೆ ಕಿಮಾಯಿ ಹಬ್ಬದ ಉಡುಗೆ ತೊಟ್ಟು ತೆಂಗಿನ ಮರವೇರಿ, ಗರಿಗಳ ನಡುವಿನಿಂದ ಊರವರನ್ನು ಕುರಿತು ಮಾತಾಡಿ, ತನ್ನ ಸಾವಿಗೆ ಕಾರಣನಾದವನ ಮೇಲೆ ಆರೋಪ ಹೊರಿಸಿ, ಕೆಳಕ್ಕೆ ಹಾರಿ ಸತ್ತನು. ಬಳಿಕ ಊರಿನಲ್ಲಿ ನಡೆದ ಹೊಡೆದಾಟದಲ್ಲಿ ನಿಂದಿಸಿದವನು ಗಾಯಗೊಂಡನು.

ಮಲಿನೋವ್‌ಸ್ಕಿ ಇದರಿಂದ ತೆಗೆದ ತೀರ್ಮಾನ ಮಹತ್ವದ್ದು. ‘ಆದಿಮ’ ಜನ ರೂಢಿಗೆ ಕುರುಡಾಗಿ ಶರಣಾಗಿರುತ್ತಾರೆ ಎಂಬ ಅಂದಿನ ನಂಬಿಕೆಯನ್ನು ಅದು ಅಲ್ಲಗಳೆಯಿತು. ಹೇಳುವ ನಿಯಮವೇ ಬೇರೆ, ನಡೆಯುವ ನಿಯಮವೇ ಬೇರೆ. ಕುಲನಿಷೇಧ ಮುರಿದುದರ ಕೆಡುಕನ್ನು ಪರಿಹರಿಸುವ ಮಂತ್ರವೂ ಅದೇ ಸಮಾಜದಲ್ಲಿತ್ತು. ಉಲ್ಲಂಘನೆಗಿಂತ ಉಲ್ಲಂಘನೆಯ ಬಹಿರಂಗ ಘೋಷಣೆಯೇ ಅಲ್ಲಿ ದಂಡನೆಯನ್ನು ಚಾಲನೆಗೊಳಿಸಿತು.

ಜಾನಪದ ಅಧ್ಯಯನಕ್ಕೆ ಈ ದೃಷ್ಟಿ ಎರಡು ದಾರಿಗಳಲ್ಲಿ ಬಂದಿತು. ವಿಲಿಯಂ ಬ್ಯಾಸ್ಕಮ್ 1954ರ ತನ್ನ ಲೇಖನದಲ್ಲಿ ಜಾನಪದದ ನಾಲ್ಕು ಪ್ರಕಾರ್ಯಗಳನ್ನು ಗುರುತಿಸಿದಾಗ, ಒಪ್ಪಿತ ವರ್ತನೆಯನ್ನು ಉಳಿಸಿಕೊಳ್ಳುವುದು ಅವುಗಳಲ್ಲಿ ಒಂದಾಗಿತ್ತು. ಗಾದೆ ಎಚ್ಚರಿಸುತ್ತದೆ, ಹಾಸ್ಯದ ಹಾಡು ಹಂಗಿಸುತ್ತದೆ, ಕಥೆ ತಪ್ಪಿದವರ ಗತಿಯನ್ನು ತೋರಿಸುತ್ತದೆ. ಕರ್ನಾಟಕದ ಮಟ್ಟಿಗೆ ಎಂ.ಎನ್. ಶ್ರೀನಿವಾಸರ ಬರಹಗಳು ಈ ದೃಷ್ಟಿಯ ಮುಖ್ಯ ಪ್ರವೇಶದ್ವಾರ. ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನನ ಮಾರ್ಗದರ್ಶನ ಪಡೆದ ಅವರು 1952ರ ಕೊಡಗಿನ ಅಧ್ಯಯನದಲ್ಲಿ ಆಚರಣೆಗಳನ್ನು ಸಮಾಜದ ಐಕ್ಯದ ಸಾಧನಗಳಾಗಿ ಕಂಡರು. 1954ರಲ್ಲಿ ಮೈಸೂರು ಪ್ರದೇಶದ ಅಗಸರ ಜಾತಿ ವಿವಾದವೊಂದನ್ನು ವಿಶ್ಲೇಷಿಸಿದರು. ನ್ಯಾಯ ಕೂಡುವುದು, ತಪ್ಪುಕಾಣಿಕೆ ಹಾಕುವುದು, ಕುಲದಿಂದ ಹೊರಗಿಡುವುದು, ದಂಡ ತೆತ್ತ ಮೇಲೆ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಇವೆಲ್ಲವನ್ನೂ ಡರ್ಕ್‌ಹೈಮನ ಮಾತಿನ ಬೆಳಕಿನಲ್ಲಿ ಓದಲು ಸಾಧ್ಯ. ಒಟ್ಟಿಗೆ ಉಣ್ಣುವ ಆ ಪಂಕ್ತಿಯಲ್ಲಿ ಕುಲವು ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಅಮೆರಿಕದಲ್ಲಿ ರಾಬರ್ಟ್ ಮರ್ಟನ್ ಪ್ರಶ್ನೆಯ ದಿಕ್ಕನ್ನು ಬದಲಿಸಿದನು. ಸಮಾಜವು ಎಲ್ಲರ ಮುಂದೆಯೂ ಒಂದೇ ಗುರಿಯನ್ನಿಟ್ಟು, ಅದನ್ನು ತಲುಪುವ ಸಮ್ಮತ ದಾರಿಗಳನ್ನು ಕೆಲವರಿಗೆ ಮಾತ್ರ ತೆರೆದಿಟ್ಟರೆ, ಉಳಿದವರ ಮೇಲೆ ಒತ್ತಡ ಬೀಳುತ್ತದೆ ಎಂದು ಆತನು 1938ರಲ್ಲಿ ವಾದಿಸಿದನು. ಡರ್ಕ್‌ಹೈಮ್ ಬಳಸಿದ ‘ಅನೋಮಿ’ ಎಂಬ ನಿಯಮಶೂನ್ಯತೆಯ ಪರಿಕಲ್ಪನೆಗೆ ಹೀಗೆ ಹೊಸ ಅರ್ಥ ಬಂದಿತು. ಅನುಸರಣೆ, ನವಮಾರ್ಗ, ವಿಧಿನಿಷ್ಠೆ, ವಿಮುಖತೆ, ಬಂಡಾಯ ಎಂಬ ಐದು ಪ್ರತಿಕ್ರಿಯೆಗಳಲ್ಲಿ ಕಳ್ಳನದು ನವಮಾರ್ಗ: ಗುರಿ ಎಲ್ಲರದೇ, ದಾರಿ ಬೇರೆ.

ಕೈ ಎರಿಕ್‌ಸನ್ 1966ರ ಕೃತಿಯಲ್ಲಿ ಡರ್ಕ್‌ಹೈಮನ ವಾದವನ್ನು ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸಿನ ಪ್ಯೂರಿಟನ್ ವಸಾಹತಿನ ದಾಖಲೆಗಳ ಮೇಲೆ ಪರೀಕ್ಷಿಸಿದನು. 1636ರಿಂದ 1638ರವರೆಗಿನ ಆನ್ ಹಚಿನ್‌ಸನ್ ವಿವಾದ, 1650ರ ದಶಕದಲ್ಲಿ ಆರಂಭವಾದ ಕ್ವೇಕರರ ದಮನ, 1692ರ ಸೇಲಂ ಮಾಟಗಾತಿ ವಿಚಾರಣೆ ಈ ಮೂರೂ ಆ ಸಮುದಾಯಕ್ಕೆ ತನ್ನ ಗಡಿಯ ಬಗ್ಗೆ ಸಂದೇಹ ಉಂಟಾದ ಕಾಲದಲ್ಲಿ ತಲೆಯೆತ್ತಿದವು ಎಂಬುದು ಆತನ ಪ್ರತಿಪಾದನೆ. ವಿವರಣೆ ಮನವೊಪ್ಪುವಂತಿದೆ. ಆದರೆ ಸೇಲಂನಲ್ಲಿ ಗಲ್ಲಿಗೇರಿದ 19 ಮಂದಿಯಲ್ಲಿ 14 ಮಂದಿ ಸ್ತ್ರೀಯರು. ಸಮುದಾಯಕ್ಕೆ ಗಡಿ ಬೇಕಿತ್ತು ಎಂಬ ಮಾತು, ಆ ಗಡಿಯನ್ನು ಇವರ ದೇಹಗಳ ಮೇಲೆಯೇ ಏಕೆ ಎಳೆಯಲಾಯಿತು ಎಂಬುದಕ್ಕೆ ಉತ್ತರ ಕೊಡುವುದಿಲ್ಲ.

ಪ್ರಕಾರ್ಯವಾದದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಒಂದು ಕ್ರಿಯೆಯ ಪರಿಣಾಮವನ್ನೇ ಅದರ ಕಾರಣವೆಂದು ಎಣಿಸುವ ತರ್ಕದೋಷ ಒಂದು. ಪ್ರಕಾರ್ಯ ಯಾರಿಗೆ ಎಂದು ಕೇಳದೆ ‘ಸಮಾಜಕ್ಕೆ’ ಎಂದು ಉತ್ತರಿಸಿ ಸುಮ್ಮನಾಗುವುದು ಇನ್ನೊಂದು. ಒಂದು ಗುಂಪಿಗೆ ಪ್ರಕಾರ್ಯವಾದುದು ಮತ್ತೊಂದಕ್ಕೆ ಅಪಕಾರ್ಯವಾಗಬಹುದೆಂದು ಮರ್ಟನ್ನನೇ 1949ರಲ್ಲಿ ಎಚ್ಚರಿಸಿದ್ದನು. ಭಾರತದಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇದಕ್ಕೆ ಕಠೋರ ನಿದರ್ಶನ. ಅದು ಕೃತ್ಯವನ್ನು ಬಿಟ್ಟು ಹುಟ್ಟನ್ನೇ ಅಪರಾಧವಾಗಿಸಿತು. ಮುಂದೆ ಹುಬ್ಬಳ್ಳಿಯಂತಹ ಕಡೆ ಸೆಟ್ಲ್‌ಮೆಂಟುಗಳೂ ಆದವು. 1952ರಲ್ಲಿ ಕಾಯ್ದೆ ರದ್ದಾಯಿತಾದರೂ ಹಣೆಪಟ್ಟಿ ಪೂರ್ತಿ ಅಳಿಯಲಿಲ್ಲ. ಈ ‘ಗಡಿ’ಯಿಂದ ನೆಮ್ಮದಿ ಪಡೆದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು.

ಸಾಮೂಹಿಕ ಪ್ರಜ್ಞೆ ಒಂದೇ ಎಂಬ ಕಲ್ಪನೆಯನ್ನು ಲಾವಣಿಗಳೂ ಪ್ರಶ್ನಿಸುತ್ತವೆ. ಆಯುಧ ಒಪ್ಪಿಸಬೇಕೆಂಬ ಆಜ್ಞೆಯನ್ನು 1857ರಲ್ಲಿ ಧಿಕ್ಕರಿಸಿದ ಹಲಗಲಿಯ ಬೇಡರು ಸರಕಾರದ ಕಣ್ಣಿನಲ್ಲಿ ಅಪರಾಧಿಗಳು, ಹಲವರು ಗಲ್ಲಿಗೇರಿದರು. ಲಾವಣಿಕಾರನ ಕಣ್ಣಿನಲ್ಲಿ ಅವರೇ ವೀರರು. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಆ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದುದು ಇತಿಹಾಸದ ಒಂದು ವಿಪರ್ಯಾಸ. ಶಿಕ್ಷೆಯು ಇಲ್ಲಿ ಆಳುವವರ ನಿಯಮವನ್ನು ಗಟ್ಟಿಗೊಳಿಸಲಿಲ್ಲ, ಆಳಿಸಿಕೊಂಡವರ ನೆನಪನ್ನು ಗಟ್ಟಿಗೊಳಿಸಿತು.

ಕುಲಪಂಚಾಯಿತಿಯ ದಂಡನೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ 2016ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಶಾಸನವು ಸಾಮಾಜಿಕ ಬಹಿಷ್ಕಾರವನ್ನೇ ಅಪರಾಧವೆಂದು ಸಾರಿತು. ಒಂದು ಕಾಲದಲ್ಲಿ ತಪ್ಪಿಗೆ ಶಿಕ್ಷೆಯಾಗಿದ್ದುದೇ ಇಂದು ಶಿಕ್ಷಾರ್ಹ ತಪ್ಪಾಗಿದೆ. ಖಂಡನೆಯೇ ಅಪರಾಧವನ್ನು ಸೃಷ್ಟಿಸುತ್ತದೆ ಎಂಬ ಡರ್ಕ್‌ಹೈಮನ ಮಾತು ಇದರಿಂದ ಸುಳ್ಳಾಗುವುದಿಲ್ಲ. ಖಂಡಿಸುವ ಅಧಿಕಾರ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತದೆ ಎಂಬುದು ಮಾತ್ರ ಅದಕ್ಕೆ ಸೇರುತ್ತದೆ. ಆದುದರಿಂದ ನ್ಯಾಯಪಂಚಾಯಿತಿಯ ಆಚರಣೆಗಳನ್ನು ಸಂಗ್ರಹಿಸುವ ಜಾನಪದ ಸಂಶೋಧಕರು ಪಂಕ್ತಿಯಲ್ಲಿ ಕೂತವರ ಮಾತಿನೊಡನೆ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರ ಮಾತನ್ನೂ ದಾಖಲಿಸುವುದು ಅಗತ್ಯ. ಊರಿನ ದಾರಿ ಯಾವುದೆಂಬುದು ಪೋರನ ದಾರಿಯಿಂದ ತಿಳಿಯುತ್ತದೆ. ಆ ದಾರಿಯನ್ನು ಹಾಕಿದವರು ಯಾರೆಂಬುದು ಪೋರನನ್ನೇ ಕೇಳಿದಾಗ ತಿಳಿಯುತ್ತದೆ.