ಬಣ್ಣದ ಪ್ರಿಂಟರ್ ಖರೀದಿ: ಯಂತ್ರದ ಬೆಲೆಯ ಜೊತೆಗೆ ಪುಟದ ವೆಚ್ಚವನ್ನೂ ಪರಿಗಣಿಸುವ ಬಗ್ಗೆ

ಗ್ರಾಮ ಪಂಚಾಯತಿ ಕಚೇರಿಗೆ ಬಣ್ಣದ ಪ್ರಿಂಟರ್ ಖರೀದಿಸುವ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಚರ್ಚೆಯು ಬಹುಮಟ್ಟಿಗೆ ದರಪಟ್ಟಿಯಲ್ಲಿನ ಯಂತ್ರದ ಬೆಲೆಗೇ ಸೀಮಿತವಾಗುತ್ತದೆ. ಯಂತ್ರದ ಬೆಲೆಯನ್ನು ಪಾವತಿಸುವುದು ಒಮ್ಮೆ ಮಾತ್ರ. ಇಂಕ್ ಅಥವಾ ಟೋನರ್ ವೆಚ್ಚವನ್ನು ಯಂತ್ರ ಬಳಕೆಯಲ್ಲಿರುವವರೆಗೂ ಭರಿಸಬೇಕು. ಅಗ್ಗದ ಯಂತ್ರದ ಕಾರ್ಟ್ರಿಜ್ ದುಬಾರಿಯಾದಲ್ಲಿ ಕೆಲವೇ ತಿಂಗಳಲ್ಲಿ ಆ ಯಂತ್ರವು ಮೂಲೆ ಸೇರುತ್ತದೆ. ದಾಖಲೆಗಾಗಿ ಬಂದ ಗ್ರಾಮಸ್ಥರು ಆ ದಿನದ ಕೂಲಿ ಬಿಟ್ಟು ಪೇಟೆಯ ಜೆರಾಕ್ಸ್ ಅಂಗಡಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಮಾನ್ಯ ಸದಸ್ಯರು ಅನುಮೋದನೆ ನೀಡುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಬಣ್ಣದ ಪುಟಗಳು ಎಷ್ಟು ಬೇಕು?

ಕರ ರಸೀದಿ, ಸಭಾ ನೋಟಿಸು, ನಡಾವಳಿ, ಅರ್ಜಿಯ ಸ್ವೀಕೃತಿ ಇವುಗಳಿಗೆ ಕಪ್ಪು ಮುದ್ರಣವೇ ಸಾಕು. ಕಾಮಗಾರಿಯ ವಿವಿಧ ಹಂತಗಳ ಛಾಯಾಚಿತ್ರ, ನಕ್ಷೆ ಹಾಗೂ ಜಾಗೃತಿ ಭಿತ್ತಿಪತ್ರಗಳಿಗೆ ಬಣ್ಣ ಉಪಯುಕ್ತ. ಹಲವು ಪ್ರಿಂಟರುಗಳು ಈವರೆಗೆ ಮುದ್ರಿತವಾದ ಪುಟಗಳ ಸಂಖ್ಯೆಯನ್ನು ತಮ್ಮ ಸ್ಥಿತಿ ವರದಿಯಲ್ಲಿ ತೋರಿಸುತ್ತವೆ. ಆ ಸೌಲಭ್ಯವಿಲ್ಲದಿದ್ದರೆ ಬಳಸಿದ ಕಾಗದದ ಕಟ್ಟುಗಳಿಂದ ಅಂದಾಜು ಮಾಡಬಹುದು; ಒಂದು ರೀಮ್‌ನಲ್ಲಿ 500 ಹಾಳೆಗಳಿರುತ್ತವೆ. ಮೂರು ತಿಂಗಳ ಲೆಕ್ಕವನ್ನು ಕಪ್ಪು ಮತ್ತು ಬಣ್ಣ ಎಂದು ಬೇರ್ಪಡಿಸಿ ಸಭೆಯ ಮುಂದಿಡಬೇಕು.

2. ಯಂತ್ರಗಳ ಬಗೆ

ಕಾರ್ಟ್ರಿಜ್ ಇಂಕ್‌ಜೆಟ್: ಯಂತ್ರದ ಬೆಲೆ ಕಡಿಮೆ, ಪುಟದ ವೆಚ್ಚ ಹೆಚ್ಚು. ಕಾರ್ಟ್ರಿಜ್‌ನಲ್ಲಿ ಇಂಕ್ ಅಲ್ಪ ಪ್ರಮಾಣದಲ್ಲಿರುತ್ತದೆ.

ಇಂಕ್ ಟ್ಯಾಂಕ್: ಬಾಟಲಿಯಿಂದ ಇಂಕ್ ತುಂಬಬಹುದು, ಪುಟದ ವೆಚ್ಚ ಅತಿ ಕಡಿಮೆ. ಆದರೆ ವಾರಗಟ್ಟಲೆ ಬಳಸದಿದ್ದರೆ ಇಂಕ್ ಒಣಗಿ ಹೆಡ್‌ನ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳಬಹುದು. ಹೆಡ್ ಶುಚಿಗೊಳಿಸುವಾಗಲೂ ಇಂಕ್ ವ್ಯಯವಾಗುತ್ತದೆ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ಮುದ್ರಿಸುವುದು ಇದಕ್ಕೆ ಸರಳ ಪರಿಹಾರ.

ಬಣ್ಣದ ಲೇಸರ್: ಟೋನರ್ ಪುಡಿಯನ್ನು ಶಾಖದಿಂದ ಕಾಗದಕ್ಕೆ ಅಂಟಿಸುವುದರಿಂದ ಅಕ್ಷರ ನೀರಿಗೆ ಹರಡುವುದಿಲ್ಲ, ಬಳಸದೆ ಬಿಟ್ಟರೂ ಒಣಗುವುದಿಲ್ಲ. ಆದರೆ ಕಪ್ಪು, ನೀಲಿ, ಕೆಂಪು, ಹಳದಿ ಛಾಯೆಯ ನಾಲ್ಕು ಟೋನರುಗಳು ಬೇಕು. ಬಿಸಿಯಾಗುವಾಗ ಹೆಚ್ಚು ವಿದ್ಯುತ್ ಎಳೆಯುವುದರಿಂದ ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಜೋಡಿಸತಕ್ಕದ್ದಲ್ಲ.

3. ಪುಟದ ವೆಚ್ಚ ತಿಳಿಯುವ ಕ್ರಮ

ಕಾರ್ಟ್ರಿಜ್ ಅಥವಾ ಟೋನರ್ ಬೆಲೆಯನ್ನು ಅದರಿಂದ ಬರುವ ಪುಟಗಳ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ, ರೂ. 3,000ದ ಕಪ್ಪು ಟೋನರ್ 1,500 ಪುಟ ನೀಡಿದರೆ ಕಪ್ಪು ಪುಟಕ್ಕೆ ರೂ. 2. ಉಳಿದ ಮೂರು ಬಣ್ಣಗಳು ತಲಾ ರೂ. 4,000 ಆಗಿ ತಲಾ 1,500 ಪುಟ ನೀಡಿದರೆ ಇನ್ನೂ ರೂ. 8 ಸೇರಿ ಬಣ್ಣದ ಪುಟಕ್ಕೆ ರೂ. 10 ಆಗುತ್ತದೆ.

ತಯಾರಕರು ನಮೂದಿಸುವ ಪುಟಸಂಖ್ಯೆಗೆ ಐಎಸ್‌ಒ ಮಾನಕಗಳಿವೆ: ಕಪ್ಪು ಟೋನರಿಗೆ 19752, ಬಣ್ಣದ ಟೋನರಿಗೆ 19798, ಬಣ್ಣದ ಇಂಕ್‌ಜೆಟ್ ಕಾರ್ಟ್ರಿಜ್‌ಗೆ 24711. ಈ ಸಂಖ್ಯೆಯು ಪುಟದ ಸುಮಾರು ಶೇ. 5 ಭಾಗಕ್ಕೆ ಮಾತ್ರ ಶಾಯಿ ತಗಲುವ ಲೆಕ್ಕದ್ದು. ಇಡೀ ಪುಟ ಛಾಯಾಚಿತ್ರವಿದ್ದರೆ ಶಾಯಿ ಅದರ ಹಲವು ಪಟ್ಟು ಬೇಕಾಗುತ್ತದೆ. ಹೊಸ ಯಂತ್ರದೊಡನೆ ಬರುವ ಟೋನರಿನಲ್ಲಿ ಪುಡಿ ಕಡಿಮೆ ಇರುವುದುಂಟು, ಇದನ್ನೂ ವಿಚಾರಿಸಬೇಕು.

4. ಐದು ವರ್ಷಗಳ ತುಲನೆ

ಕೆಳಗಿನವು ಲೆಕ್ಕದ ಕ್ರಮ ತಿಳಿಸಲು ಇಟ್ಟುಕೊಂಡ ಅಂಕಿಗಳೇ ಹೊರತು ಮಾರುಕಟ್ಟೆ ದರಗಳಲ್ಲ. ತಿಂಗಳಿಗೆ 500 ಕಪ್ಪು, 100 ಬಣ್ಣದ ಪುಟಗಳಂತೆ 5 ವರ್ಷಗಳಿಗೆ 30,000 ಕಪ್ಪು, 6,000 ಬಣ್ಣದ ಪುಟಗಳು. ಕಾಗದ, ವಿದ್ಯುತ್, ದುರಸ್ತಿ ಸೇರಿಲ್ಲ.

ಅ) ಕಾರ್ಟ್ರಿಜ್ ಇಂಕ್‌ಜೆಟ್: ಯಂತ್ರ ರೂ. 5,000, ಕಪ್ಪು ಪುಟ ರೂ. 4, ಬಣ್ಣ ರೂ. 8. ಒಟ್ಟು ರೂ. 1,73,000.

ಆ) ಬಣ್ಣದ ಲೇಸರ್: ಯಂತ್ರ ರೂ. 30,000, ಕಪ್ಪು ರೂ. 2, ಬಣ್ಣ ರೂ. 10. ಒಟ್ಟು ರೂ. 1,50,000.

ಇ) ಇಂಕ್ ಟ್ಯಾಂಕ್: ಯಂತ್ರ ರೂ. 15,000, ಕಪ್ಪು 15 ಪೈಸೆ, ಬಣ್ಣ 40 ಪೈಸೆ. ಒಟ್ಟು ರೂ. 21,900.

ಈ) ಕಪ್ಪು ಲೇಸರ್ (ಯಂತ್ರ ರೂ. 15,000, ಪುಟ ರೂ. 1) ಮತ್ತು ಬಣ್ಣಕ್ಕೆ ಮಾತ್ರ ಇಂಕ್ ಟ್ಯಾಂಕ್: ಒಟ್ಟು ರೂ. 62,400.

ಅತಿ ಕಡಿಮೆ ಬೆಲೆಯ ಯಂತ್ರವೇ ಇಲ್ಲಿ ಅತಿ ದುಬಾರಿಯಾಗಿದೆ. ಹಾಗೆಂದು ಕಡಿಮೆ ಮೊತ್ತದ (ಇ) ಎಲ್ಲ ಕಚೇರಿಗೂ ಹೊಂದುತ್ತದೆ ಎನ್ನಲಾಗದು. ನಮೂನೆ 9ರಂತಹ ದಾಖಲೆಗಳನ್ನು ಗ್ರಾಮಸ್ಥರು ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತಾರೆ. ಮಳೆಯಲ್ಲಿ ನೆನೆದರೂ ಅಕ್ಷರ ಅಳಿಯಬಾರದು. ಕೆಲವು ಇಂಕ್ ಟ್ಯಾಂಕ್ ಯಂತ್ರಗಳ ಕಪ್ಪು ಇಂಕ್ ನೀರನ್ನು ತಡೆಯುತ್ತದೆ, ಕೆಲವದು ತಡೆಯುವುದಿಲ್ಲ. ಮಾದರಿ ಪುಟ ಮುದ್ರಿಸಿ, ಒಣಗಿದ ನಂತರ ನೀರು ಹನಿಸಿ ಒರೆಸಿದರೆ ವ್ಯತ್ಯಾಸ ತಿಳಿಯುತ್ತದೆ. ಇಂಕ್ ಹರಡಿದಲ್ಲಿ (ಈ) ಕ್ರಮವನ್ನು ಪರಿಗಣಿಸಬಹುದು.

5. ಬಣ್ಣದ ಯಂತ್ರ ಬೇಡವಾಗುವ ಸಂದರ್ಭ

ಕಪ್ಪು ಪ್ರಿಂಟರ್ ಈಗಾಗಲೇ ಇದ್ದು, ಹೊರಗೆ ಬಣ್ಣದ ಪುಟಕ್ಕೆ ರೂ. 10 ದರವಿದ್ದರೆ, ರೂ. 15,000ದ ಇಂಕ್ ಟ್ಯಾಂಕ್ ಯಂತ್ರದ ಬೆಲೆ ಮರಳಲು ಸುಮಾರು 1,563 ಪುಟಗಳು, ಅಂದರೆ ಐದು ವರ್ಷ ಕಾಲ ತಿಂಗಳಿಗೆ 26 ಪುಟಗಳು ಬೇಕು. ಅದಕ್ಕಿಂತ ಕಡಿಮೆ ಬಳಕೆಯಿರುವ ಪಂಚಾಯತಿಯು ಹೊರಗೆ ಮುದ್ರಿಸಿ ಬಿಲ್ಲು ಪಡೆಯುವುದೇ ಮಿತವ್ಯಯ.

6. ಅನುಮೋದನೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

- ತಿಂಗಳಿಗೆ ಕಪ್ಪು ಮತ್ತು ಬಣ್ಣದ ಪುಟಗಳು ಎಷ್ಟು?
- ಮೂಲ ಇಂಕ್ ಅಥವಾ ಟೋನರ್ ಬೆಲೆ, ಪುಟಸಂಖ್ಯೆ ಎಷ್ಟು? ತಾಲ್ಲೂಕು ಕೇಂದ್ರದಲ್ಲಿ ದೊರೆಯುವುದೇ?
- ಖಾತರಿ ಎಷ್ಟು ವರ್ಷ ಅಥವಾ ಎಷ್ಟು ಪುಟ? ಹೆಡ್ ಅಥವಾ ಡ್ರಮ್ ಅದರಲ್ಲಿ ಸೇರಿದೆಯೇ?
- ದುರಸ್ತಿಗಾರರು ಕಚೇರಿಗೇ ಬರುವರೇ?
- ಎರಡೂ ಬದಿ ಮುದ್ರಿಸುವ ಸೌಲಭ್ಯವಿದೆಯೇ?

ದರಪಟ್ಟಿ ಆಹ್ವಾನಿಸುವಾಗಲೇ ಪುಟದ ವೆಚ್ಚದ ವಿವರವನ್ನೂ ಕೋರಿದರೆ ತುಲನೆ ಸುಲಭವಾಗುತ್ತದೆ. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರಬೇಕು. ಐದು ವರ್ಷಗಳ ತುಲನಾ ಪಟ್ಟಿಯನ್ನು ನಡಾವಳಿಗೆ ಲಗತ್ತಿಸಿದಲ್ಲಿ, ಆಯ್ಕೆಗೆ ಕಾರಣವೇನೆಂದು ಮುಂದೆ ಲೆಕ್ಕಪರಿಶೋಧಕರು ಅಥವಾ ಗ್ರಾಮಸಭೆ ಕೇಳಿದಾಗ ಉತ್ತರವು ಕಡತದಲ್ಲಿಯೇ ಲಭ್ಯವಿರುತ್ತದೆ.